ಊಟಿ ಗಾಳಿಗೆ ಎರಡು ಫ್ಲ್ಯಾಟ್

ಮೈಸೂರಿನಿಂದ ಊಟಿಗೆ ಹೊರಟ ಹಳೆಯ ಅಂಬಾಸಡರ್ ಬಂಡೀಪುರದ ಕಾಡು ದಾಟುವವರೆಗೂ ಯಾವ ತಕರಾರೂ ಮಾಡುವುದಿಲ್ಲ. ಮಸಿನಗುಡಿ ಬಿಟ್ಟು ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಿಗೆ ಬಿದ್ದ ಮೇಲೆ ಅದರ ವರಸೆಯೇ ಬದಲಾಗುತ್ತದೆ. ಎರಡನೇ ಗೇರಿನಲ್ಲಿ ಎಳೆಯಬೇಕಾದ ಕಡೆ ಒಂದನೆಯದನ್ನು ಕೇಳುತ್ತದೆ. ತಿರುವಿನಲ್ಲಿ ಕಾಲು ತೆಗೆದು ಮತ್ತೆ ಆಕ್ಸಿಲರೇಟರ್ ಒತ್ತಿದರೆ ಮೊದಲು ಮಂಕು, ಆಮೇಲೆ ಎಳೆತ. ಹಿಂದೆ ಬರುವವರಿಗೆ ಸೈಲೆನ್ಸರಿನಿಂದ ಕಪ್ಪು ಹೊಗೆ, ಹಸಿ ಪೆಟ್ರೋಲಿನ ವಾಸನೆ. ಊಟಿ ಸೇರಿ ಚೇರಿಂಗ್ ಕ್ರಾಸ್ ಹತ್ತಿರ ನಿಲ್ಲಿಸಿದರೆ ಐಡ್ಲಿಂಗ್ ಏರಿಳಿಯುತ್ತದೆ. ಒಮ್ಮೆ ಆಫ್ ಆದ ಬಿಸಿ ಇಂಜಿನ್ ಮತ್ತೆ ಹೊತ್ತಿಕೊಳ್ಳಲು ಹತ್ತಾರು ಸಲ ಸ್ಟಾರ್ಟರ್ ತಿರುಗಿಸಬೇಕು.

ಗ್ಯಾರೇಜಿಗೆ ಒಯ್ದರೆ ಪ್ಲಗ್ ಬಿಚ್ಚಿ ನೋಡುತ್ತಾರೆ. ತುದಿ ಒಣ ಮಸಿ ಹಿಡಿದು ಕಪ್ಪಗಿದೆ. ಪ್ಲಗ್ ಬದಲಿಸುತ್ತಾರೆ, ಪಾಯಿಂಟ್ ಉಜ್ಜುತ್ತಾರೆ. ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು ಎನ್ನುವ ಮಾತೂ ಕೆಲವೊಮ್ಮೆ ಬರುತ್ತದೆ. ಅದೇ ಕಾರು ಮರುದಿನ ಗುಂಡ್ಲುಪೇಟೆಗೆ ಇಳಿದು ಬಂದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ತಗ್ಗಿನ ಊರಿನ ಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರ್ 2,240 ಮೀಟರ್ ಎತ್ತರದಲ್ಲೂ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತಿತ್ತು, ಅಷ್ಟೆ.

ಹಳೆಯ ಕಾರುಗಳ ಸಹವಾಸದಲ್ಲಿ ನನಗೆ ಮನವರಿಕೆಯಾದ ಸಂಗತಿಯೊಂದಿದೆ. ಕಾರ್ಬ್ಯುರೇಟರನ್ನು ಪುಸ್ತಕಕ್ಕೆ ಹೊಂದಿಸಬಾರದು, ಊರಿಗೆ ಹೊಂದಿಸಬೇಕು. ಪುಸ್ತಕದಲ್ಲಿರುವ ಅಂಕಿ ಯಾವುದೋ ಊರಿನ ಗಾಳಿಗೆ, ಯಾವುದೋ ಕಾಲದ ಪೆಟ್ರೋಲಿಗೆ ಬರೆದದ್ದು. ಕಾರು ನಿತ್ಯ ಓಡಾಡುವ ಊರಿನ ಗಾಳಿ ಬೇರೆ. ಈಗಂತೂ ಪೆಟ್ರೋಲೂ ಬೇರೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಂಗಳೂರಿನ ಗಾಳಿಗೆ ಹೋಲಿಸಿದರೆ ಊಟಿಯ ಗಾಳಿಯ ಸಾಂದ್ರತೆ ಶೇ 80ರ ಆಸುಪಾಸು. ಇಂಜಿನ್ ಪ್ರತಿ ಸುತ್ತಿಗೂ ಎಳೆದುಕೊಳ್ಳುವ ಗಾಳಿಯ ಗಾತ್ರ ಅಷ್ಟೇ ಇದ್ದರೂ ಅದರ ತೂಕ ಐದರಲ್ಲಿ ಒಂದು ಪಾಲು ಕಡಿಮೆ. ಪೆಟ್ರೋಲ್ ಕೂಡ ಅದೇ ಪ್ರಮಾಣದಲ್ಲಿ ಇಳಿದಿದ್ದರೆ ತೊಂದರೆಯೇ ಇರಲಿಲ್ಲ. ಹಾಗೆ ಇಳಿಯುವುದಿಲ್ಲ. ಕಾರ್ಬ್ಯುರೇಟರಿನ ಇಕ್ಕಟ್ಟಾದ ಗಂಟಲಲ್ಲಿ ಗಾಳಿ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ತಗ್ಗುತ್ತದೆ. ಆ ಸೆಳೆತಕ್ಕೆ ಜೆಟ್‌ನಿಂದ ಪೆಟ್ರೋಲ್ ಮೇಲೇರುತ್ತದೆ. ಗಾಳಿಯ ಸಾಂದ್ರತೆ ಶೇ 20ರಷ್ಟು ಕುಗ್ಗಿದರೆ ಸೆಳೆತವೂ ಶೇ 20ರಷ್ಟೇ ಕುಗ್ಗುತ್ತದೆ, ಆದರೆ ಹರಿಯುವ ಪೆಟ್ರೋಲ್ ಸೆಳೆತದ ವರ್ಗಮೂಲದ ಲೆಕ್ಕದಲ್ಲಿ ಇಳಿಯುವುದರಿಂದ ಕಡಿಮೆಯಾಗುವುದು ಶೇ 10–11 ಮಾತ್ರ. ಅಕ್ಕಿಯನ್ನು ಐದರಲ್ಲಿ ಒಂದು ಪಾಲು ತೆಗೆದು ನೀರನ್ನು ಹತ್ತರಲ್ಲಿ ಒಂದು ಪಾಲಷ್ಟೇ ತೆಗೆದರೆ ಅನ್ನ ಮುದ್ದೆಯಾಗುತ್ತದಲ್ಲ, ಮಿಶ್ರಣಕ್ಕೂ ಅದೇ ಗತಿ. ತಗ್ಗಿನಲ್ಲಿ 13 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಇದ್ದದ್ದು ಊಟಿಯಲ್ಲಿ 11.6ಕ್ಕೆ 1 ಆಗುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ ಮಿಕ್ಸ್ಚರ್ ಶೇ 12ರಷ್ಟು ರಿಚ್. ಕಪ್ಪು ಹೊಗೆಗೆ ಅಷ್ಟು ಸಾಕು.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಟ್ಯೂನಿಂಗ್‌ನಿಂದ ಕಳೆದುಹೋದ ಗಾಳಿ ವಾಪಸು ಬರುವುದಿಲ್ಲ. ಒಂದೂವರೆ ಲೀಟರಿನ ಅಂಬಾಸಡರ್ ಇಂಜಿನ್ ತಗ್ಗಿನಲ್ಲಿ 50 ಅಶ್ವಶಕ್ತಿ ಕೊಡುತ್ತಿದ್ದರೆ ಊಟಿಯಲ್ಲಿ ಎಷ್ಟೇ ಚೆನ್ನಾಗಿ ಹೊಂದಿಸಿದರೂ ಅದು ಕೊಡುವುದು 40ರ ಸುತ್ತಮುತ್ತ. ಟ್ಯೂನಿಂಗ್ ಉಳಿಸಿಕೊಡುವುದು ಅದರ ಮೇಲಿನ ನಷ್ಟವನ್ನು: ಸುಡದೆ ಹೋಗುವ ಪೆಟ್ರೋಲ್, ಮಸಿ ಹಿಡಿದ ಪ್ಲಗ್, ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಸಂಪಿಗಿಳಿಯುವ ಹಸಿ ಇಂಧನ. ಕೊನೆಯದು ಕಣ್ಣಿಗೆ ಕಾಣುವುದಿಲ್ಲ, ಆದರೆ ರಿಂಗ್‌ಗಳನ್ನು ನಿಜವಾಗಿ ಸವೆಸುವುದು ಅದೇ.

ಚಪ್ಪಲಿ ವ್ಯಾಪಾರಿಗಳ ಮನೆಯಿಂದ ಬಂದ ಯಂತ್ರ

ನಮ್ಮ ಅಂಬಾಸಡರ್‌ಗಳಲ್ಲಿ ಬಂದ, ಹಳೆಯ ಎಂಜಿ, ಜಾಗ್ವಾರ್, ಮಾರಿಸ್ ಕಾರುಗಳಲ್ಲೂ ಕಾಣುವ ಕಾರ್ಬ್ಯುರೇಟರಿನ ಹೆಸರು ಎಸ್‌ಯು. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಮೊದಲ ಅಕ್ಷರಗಳು. ಸ್ಕಿನ್ನರ್ ಮನೆತನದವರು ಲಂಡನ್ನಿನ ಲಿಲಿ ಅಂಡ್ ಸ್ಕಿನ್ನರ್ ಎಂಬ ಪಾದರಕ್ಷೆ ಕಂಪನಿಯವರು. ಆ ಮನೆಯ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ 1905ರ ಹೊತ್ತಿಗೆ ಈ ಕಾರ್ಬ್ಯುರೇಟರನ್ನು ರೂಪಿಸಿದರು, ಸಹೋದರ ಥಾಮಸ್ ಕಾರ್ಲೈಲ್ ಸ್ಕಿನ್ನರ್ ಜೊತೆಗೂಡಿದರು. ಮೊದಲ ಮಾದರಿಗಳಲ್ಲಿ ಮೇಲೆ ಕೆಳಗೆ ಆಡುವ ಭಾಗ ಚರ್ಮದ ತಿದಿಯಾಗಿತ್ತು. ಚರ್ಮದ ಗುಣ ಬಲ್ಲ ಮನೆಯವರಿಗೆ ಅದು ಸಹಜವಾಗಿಯೇ ಹೊಳೆದಿರಬೇಕು. ಆಮೇಲೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. 1926ರಲ್ಲಿ ವಿಲಿಯಂ ಮಾರಿಸ್ ಕಂಪನಿಯನ್ನು ಕೊಂಡರು. ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ ಹಿಂದುಸ್ತಾನ್ ಮೋಟಾರ್ಸ್ 1957ರಿಂದ ಉತ್ತರಪಾರಾದಲ್ಲಿ ಅಂಬಾಸಡರ್ ಎಂದು ತಯಾರಿಸತೊಡಗಿದಾಗ ಎಸ್‌ಯು ನಮ್ಮ ಊರಿನ ಗ್ಯಾರೇಜುಗಳಿಗೂ ಪರಿಚಯವಾಯಿತು.

ಈ ಕಾರ್ಬ್ಯುರೇಟರಿನ ಮೇಲಿನ ಹೊಳೆಯುವ ಗಂಟೆಯಾಕಾರದ ಡಬ್ಬಿಯೊಳಗೆ ಒಂದು ಪಿಸ್ಟನ್ ಇದೆ. ಇಂಜಿನ್ ಹೆಚ್ಚು ಗಾಳಿ ಬೇಡಿದಾಗ ಅದು ಮೇಲೇಳುತ್ತದೆ, ಕಡಿಮೆ ಬೇಡಿದಾಗ ಇಳಿಯುತ್ತದೆ. ಅದರ ಅಡಿಗೆ ಕೆಳಕ್ಕೆ ಸಣ್ಣಗಾಗುತ್ತ ಹೋಗುವ ಒಂದು ನೀಡಲ್. ನೀಡಲ್ ಜೆಟ್‌ನೊಳಗೆ ಇಳಿಬಿದ್ದಿರುತ್ತದೆ. ಪಿಸ್ಟನ್ ಎದ್ದಷ್ಟೂ ನೀಡಲಿನ ಸಣ್ಣ ಭಾಗ ಜೆಟ್ ಬಾಯಿಗೆ ಬರುತ್ತದೆ, ಸುತ್ತಲಿನ ಸಂದು ಹಿಗ್ಗುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಐಡ್ಲಿಂಗ್‌ಗೆ ಒಂದು ಜೆಟ್, ಓಟಕ್ಕೆ ಇನ್ನೊಂದು, ಪಿಕಪ್‌ಗೆ ಪಂಪ್ ಎಂಬ ಗೋಜಿಲ್ಲ. ಒಂದೇ ಜೆಟ್, ಒಂದೇ ನೀಡಲ್. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟೆಲ್ಲ ಕೆಲಸ ಮಾಡುವ ಯಂತ್ರವನ್ನು ಕಂಡಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ.

ಈ ಚೆಲುವಿನಿಂದಲೇ ಒಂದು ತಪ್ಪು ನಂಬಿಕೆಯೂ ಹುಟ್ಟಿಕೊಂಡಿದೆ. ‘ಎಸ್‌ಯು ತಾನಾಗಿಯೇ ಅಡ್ಜಸ್ಟ್ ಆಗುತ್ತೆ, ಘಾಟಿಗೆ ಏನೂ ಮಾಡೋದು ಬೇಡ’ ಎಂದು ಅನುಭವಸ್ಥರೂ ಹೇಳುತ್ತಾರೆ. ಇಂಜಿನ್ನಿನ ಬೇಡಿಕೆಗೆ ಅದು ತಾನಾಗಿಯೇ ಹೊಂದಿಕೊಳ್ಳುವುದು ನಿಜ. ಗಾಳಿಯ ಸಾಂದ್ರತೆಗೆ ಹೊಂದಿಕೊಳ್ಳುವುದು ಅರ್ಧ ಮಾತ್ರ. ಪಿಸ್ಟನ್ನಿನ ತೂಕ ಮತ್ತು ಸ್ಪ್ರಿಂಗ್ ಬದಲಾಗದ ಕಾರಣ ಜೆಟ್ ಮೇಲಿನ ಸೆಳೆತ ಎಲ್ಲ ಎತ್ತರದಲ್ಲೂ ಹೆಚ್ಚುಕಡಿಮೆ ಒಂದೇ. ತೆಳುಗಾಳಿ ಅಷ್ಟೇ ಸೆಳೆತಕ್ಕೆ ಇನ್ನೂ ಜೋರಾಗಿ ನುಗ್ಗುವುದರಿಂದ ಪಿಸ್ಟನ್ ತುಸು ತಗ್ಗಿ ಕೂರುತ್ತದೆ, ಅಷ್ಟರಮಟ್ಟಿಗೆ ಪೆಟ್ರೋಲ್ ಕಡಿಮೆಯಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಇಲ್ಲಿಯೂ ಬರುವುದು ಅದೇ ವರ್ಗಮೂಲ. ಊಟಿಯಲ್ಲಿ ಎಸ್‌ಯು ಕೂಡ ಶೇ 12ರ ಹತ್ತಿರಕ್ಕೆ ರಿಚ್ ಆಗುತ್ತದೆ. ಇದು ತಯಾರಕರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಬ್ರಿಟಿಷ್ ಕಾರುಗಳ ವರ್ಕ್‌ಶಾಪ್ ಕೈಪಿಡಿಗಳಲ್ಲಿ ಒಂದೊಂದು ಇಂಜಿನ್ನಿಗೆ ಸ್ಟ್ಯಾಂಡರ್ಡ್, ರಿಚ್, ವೀಕ್ ಎಂದು ಮೂರು ನೀಡಲ್‌ಗಳ ಗುರುತು ಕೊಟ್ಟಿರುವುದನ್ನು ನೋಡಬಹುದು. ಬೆಟ್ಟದೂರಿನ ಕಾರಿಗೆ ಬೇಕಾದದ್ದು ಪೆಟ್ರೋಲ್ ಕಡಿಮೆ ಬಿಡುವ ವೀಕ್.

ಮೊದಲ ಕಾಲದ ಕಾರುಗಳಲ್ಲಿ ಈ ಕೆಲಸ ಮೆಕ್ಯಾನಿಕ್‌ನದಾಗಿರಲಿಲ್ಲ, ಡ್ರೈವರನದಾಗಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಾರ್ಬ್ಯುರೇಟರಿನ ಸೂಜಿಕವಾಟವನ್ನು ತಿರುಗಿಸುವ ಗುಂಡಿ ಇತ್ತು. ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್‌ನ ಸ್ಟೀರಿಂಗ್ ನಡುವೆ ಮಿಶ್ರಣವನ್ನು ‘ವೀಕ್’ ಕಡೆಗೋ ‘ಸ್ಟ್ರಾಂಗ್’ ಕಡೆಗೋ ಸರಿಸುವ ಸಣ್ಣ ಲಿವರ್ ಇತ್ತು. ಮೈಸೂರು ಅರಸರ ಬೇಸಿಗೆ ಅರಮನೆ ಊಟಿಯ ಫರ್ನ್‌ಹಿಲ್ಸ್. ಅರಮನೆಯ ಸಂಗ್ರಹದಲ್ಲಿ ರೋಲ್ಸ್ ರಾಯ್ಸ್‌ಗಳಿಗೆ ಕೊರತೆ ಇರಲಿಲ್ಲ. ಅಂಥ ಕಾರನ್ನು ನೀಲಗಿರಿಗೆ ಹತ್ತಿಸುವ ಡ್ರೈವರನಿಗೆ ಸ್ಟೀರಿಂಗಿನಿಂದ ಕೈ ತೆಗೆಯದೆ ಪೆಟ್ರೋಲ್ ತಗ್ಗಿಸುವ ಸೌಕರ್ಯವಿತ್ತು. ಮುಂದೆ ಕಾರು ಓಡಿಸುವುದನ್ನು ಸುಲಭ ಮಾಡುವ ಭರದಲ್ಲಿ ಆ ಲಿವರ್ ಮಾಯವಾಯಿತು. ಜಕ್ಕೂರಿನ ಹಾರಾಟ ಶಾಲೆಯಲ್ಲಿ ಪಿಸ್ಟನ್ ಇಂಜಿನ್ನಿನ ಸಣ್ಣ ವಿಮಾನ ಕಲಿಯುವವರು ಮಾತ್ರ ಈಗಲೂ ಮೇಲೇರಿದ ಮೇಲೆ ಕೆಂಪು ಗುಂಡಿಯನ್ನು ಮೆಲ್ಲಗೆ ಹೊರಗೆಳೆದು ಮಿಶ್ರಣವನ್ನು ಲೀನ್, ಅಂದರೆ ಪೆಟ್ರೋಲ್ ಕಡಿಮೆ, ಮಾಡುವುದನ್ನು ಪಾಠವಾಗಿಯೇ ಕಲಿಯುತ್ತಾರೆ.

ಬಾನೆಟ್ ತೆರೆದ ಮೇಲೆ

ಕೆಲಸ ಹೇಗೆ ನಡೆಯುತ್ತದೆಂದು ನೋಡೋಣ. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ಒಳಗಿರಬೇಕು. ಏರ್ ಕ್ಲೀನರ್ ಬಿಚ್ಚಿಡಿ. ಗಂಟೆಯ ಮೇಲಿನ ಕಪ್ಪು ಮುಚ್ಚಳ ತಿರುಗಿಸಿ ತೆಗೆದರೆ ಡ್ಯಾಂಪರ್ ಕಡ್ಡಿ ಬರುತ್ತದೆ. ಅದರ ಕೊಳವೆಯಲ್ಲಿ ಎಣ್ಣೆ ಇದೆಯೇ ನೋಡಿ. ಎಸ್‌ಎಇ 20 ಸಾಕು. ಇಂಜಿನ್ನಿಗೆ ಹಾಕುವ ದಪ್ಪ ಎಣ್ಣೆಯನ್ನೇ ಇಲ್ಲಿಗೂ ಸುರಿಯುವವರಿದ್ದಾರೆ. ಊಟಿಯ ಚಳಿಯಲ್ಲಿ ಅದು ಇನ್ನಷ್ಟು ಗಟ್ಟಿಯಾಗಿ ಪಿಸ್ಟನ್ ಏಳುವುದನ್ನು ತಡೆಯುತ್ತದೆ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮಿಶ್ರಣ ಬೇಕಾದ್ದಕ್ಕಿಂತ ರಿಚ್ ಆಗುತ್ತದೆ. ಇಂಜಿನ್ ನಿಲ್ಲಿಸಿ ಪಿಸ್ಟನ್ನನ್ನು ಬೆರಳಿಂದ ಮೇಲೆತ್ತಿ ಬಿಟ್ಟರೆ ‘ಟಕ್’ ಎಂದು ಕೂರಬೇಕು. ಆ ಸದ್ದು ಕೇಳದಿದ್ದರೆ ಜೆಟ್ ನೆಟ್ಟಗೆ ಕೂತಿಲ್ಲ, ಇಲ್ಲವೇ ಗಂಟೆಯೊಳಗೆ ಕೊಳೆ ಸೇರಿದೆ ಎಂದರ್ಥ. ಅದನ್ನು ಸರಿಪಡಿಸದೆ ಮುಂದಿನ ಯಾವ ಕೆಲಸಕ್ಕೂ ಬೆಲೆಯಿಲ್ಲ.

ಇನ್ನು ಮುಖ್ಯ ಪರೀಕ್ಷೆ. ಕಾರ್ಬ್ಯುರೇಟರಿನ ಮೈಯ ಅಡಿಯಲ್ಲಿ ಒಂದು ಚಿಕ್ಕ ಪಿನ್ ಇದೆ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅದನ್ನು ಬೆರಳ ತುದಿಯಿಂದ ಮೇಲಕ್ಕೊತ್ತಿ. ಮೊದಲು ಸ್ವಲ್ಪ ಸಡಿಲ, ಆಮೇಲೆ ಪಿಸ್ಟನ್ನಿನ ಭಾರ ಬೆರಳಿಗೆ ತಾಗುತ್ತದೆ. ಅಲ್ಲಿಂದ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಎತ್ತಿ ಕಿವಿಗೊಡಿ. ಇಂಜಿನ್ ವೇಗ ಏರಿ ಏರಿಯೇ ಉಳಿದರೆ ಮಿಶ್ರಣ ರಿಚ್. ಕುಸಿದು ನಿಂತೇ ಹೋಗುವಂತಾದರೆ ಲೀನ್. ಒಂದಿಷ್ಟು ಏರಿದಂತೆ ಮಾಡಿ ಮತ್ತೆ ಮೊದಲಿನ ವೇಗಕ್ಕೆ ಮರಳಿದರೆ ಸರಿ. ಎತ್ತಿದಾಗ ಹೆಚ್ಚು ಗಾಳಿ ಒಳಬರುತ್ತದೆ. ಗಾಳಿ ಸಾಲದೆ ಒದ್ದಾಡುತ್ತಿದ್ದ ಇಂಜಿನ್ ಅದರಿಂದ ಚುರುಕಾಗುತ್ತದೆ, ಪೆಟ್ರೋಲ್ ಸಾಲದ ಇಂಜಿನ್ ಮುಗ್ಗರಿಸುತ್ತದೆ. ಊಟಿಗೆ ಆಗಷ್ಟೇ ಹತ್ತಿ ಬಂದ ಕಾರಿನಲ್ಲಿ ಹೀಗೆ ಪಿನ್ ಒತ್ತಿದರೆ ಗೊರಗೊರ ಎನ್ನುತ್ತಿದ್ದ ಇಂಜಿನ್ ದನಿ ತಿಳಿಯಾಗಿ ಮೇಲೇರುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಎತ್ತರದ ಪರಿಣಾಮ ಏನೆಂದು ಯಾರಿಗಾದರೂ ತೋರಿಸಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಸರಿಪಡಿಸಲು ಕೈ ಹಾಕಬೇಕಾದದ್ದು ಜೆಟ್ ಕೆಳಗಿನ ಆರು ಮುಖದ ನಟ್‌ಗೆ. ಅದರ ಒಂದು ಮುಖದಷ್ಟು ತಿರುಗಿಸುವುದಕ್ಕೆ ಒಂದು ಫ್ಲ್ಯಾಟ್ ಎನ್ನುತ್ತಾರೆ. ನಟ್ ಮೇಲಕ್ಕೆ ಹೋದರೆ ಜೆಟ್ ಏರಿ ನೀಡಲಿನ ದಪ್ಪ ಭಾಗ ಬಾಯಿಗೆ ಬರುತ್ತದೆ, ಮಿಶ್ರಣ ಲೀನ್. ಕೆಳಕ್ಕೆ ಬಂದರೆ ರಿಚ್. ಎಲ್ಲ ಬಿಚ್ಚಿ ಜೋಡಿಸಿದಾಗ ಜೆಟ್ಟನ್ನು ಪಿಸ್ಟನ್ ಕೂರುವ ಸೇತುವೆಯ ಮಟ್ಟಕ್ಕೆ ಏರಿಸಿ ಅಲ್ಲಿಂದ 12 ಫ್ಲ್ಯಾಟ್, ಅಂದರೆ ಪೂರ್ತಿ ಎರಡು ಸುತ್ತು, ಇಳಿಸಿ ಶುರು ಮಾಡುವುದು ರೂಢಿ. ತಗ್ಗಿನಲ್ಲಿ ಸರಿಯಾಗಿ ಹೊಂದಿಸಿದ ಕಾರಿಗೆ ಊಟಿಯಲ್ಲಿ ಸಾಮಾನ್ಯವಾಗಿ ಬೇಕಾಗುವುದು ಒಂದೆರಡು ಫ್ಲ್ಯಾಟ್ ಮೇಲಕ್ಕೆ. ಒಂದು ಫ್ಲ್ಯಾಟ್ ತಿರುಗಿಸಿ, ಇಂಜಿನ್ನನ್ನು ಒಮ್ಮೆ ರೇಸ್ ಮಾಡಿ ತೆರವುಗೊಳಿಸಿ, ಮತ್ತೆ ಪಿನ್ ಒತ್ತಿ ಕೇಳಬೇಕು. ಐಡ್ಲಿಂಗ್ ಸ್ಕ್ರೂ ಕೊನೆಯಲ್ಲಿ.

ಎರಡು ಕಾರ್ಬ್ಯುರೇಟರ್ ಇದ್ದರೆ ಕ್ರಮ ತಪ್ಪಬಾರದು. ಮೊದಲು ಗಾಳಿ, ಆಮೇಲೆ ಪೆಟ್ರೋಲ್. ಎರಡರ ಥ್ರಾಟಲ್ ಬೆಸೆಯುವ ಕ್ಲ್ಯಾಂಪ್ ಸಡಿಲಿಸಿ, ರಬ್ಬರ್ ಕೊಳವೆಯ ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಒಂದೊಂದರ ಬಾಯಿಯ ಬಳಿ ಇಟ್ಟು ‘ಸುಯ್’ ಎನ್ನುವ ಸದ್ದನ್ನು ಸಮ ಮಾಡಬೇಕು. ಅದಾದ ಮೇಲೆಯೇ ಮಿಶ್ರಣಕ್ಕೆ ಬರಬೇಕು. ಹತ್ತುವ ಮುನ್ನ ಎರಡೂ ಸಮವಾಗಿದ್ದವು ಎಂದಾದರೆ ಬೆಟ್ಟದ ಮೇಲೆ ಎರಡನ್ನೂ ಒಂದೇ ಲೆಕ್ಕದಲ್ಲಿ ಏರಿಸಬೇಕು. ಒಂದು ಲೀನ್ ಇನ್ನೊಂದು ರಿಚ್ ಆಗಿ ಕೂತರೆ ಒಟ್ಟಾರೆ ದನಿ ಸರಿಯಿದ್ದಂತೆ ಕೇಳಿಸಿ ಮೋಸ ಮಾಡುತ್ತದೆ, ಎರಡು ಸಿಲಿಂಡರಿನ ಪ್ಲಗ್ ಕಪ್ಪು, ಉಳಿದೆರಡರದು ಬಿಳಿ. ಸರಿಯಾದ ಪ್ಲಗ್ಗಿನ ಬಣ್ಣ ಕಂದು, ಕಾಫಿಗೆ ಹಾಲು ಹೆಚ್ಚು ಬಿದ್ದಾಗಿನ ಬಣ್ಣ.

ನಟ್‌ಗೆ ಒಂದು ಮಿತಿ ಇದೆ, ಇದನ್ನು ಹೇಳುವವರು ಕಡಿಮೆ. ಐಡ್ಲಿಂಗ್‌ನಲ್ಲಿ ನೀಡಲ್ ಜೆಟ್ಟನ್ನು ಹೆಚ್ಚುಕಡಿಮೆ ತುಂಬಿಕೊಂಡಿರುತ್ತದೆ, ಉಳಿದ ಸಂದು ಕೂದಲೆಳೆಯಷ್ಟು. ಅಲ್ಲಿ ಒಂದು ಫ್ಲ್ಯಾಟ್‌ನ ಪರಿಣಾಮ ದೊಡ್ಡದು. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಸಂದು ಎಷ್ಟೋ ಅಗಲವಾಗಿರುವುದರಿಂದ ಅದೇ ಒಂದು ಫ್ಲ್ಯಾಟ್ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನಟ್ ಒಂದನ್ನೇ ನಂಬಿದರೆ ನಿಂತಲ್ಲಿ ಚೆನ್ನಾಗಿ ಆಡುವ ಇಂಜಿನ್ ದೊಡ್ಡಬೆಟ್ಟದ ಏರಿನಲ್ಲಿ ಮತ್ತೆ ಕಪ್ಪು ಹೊಗೆ ಬಿಡುತ್ತದೆ. ಎರಡು ದಿನದ ಪ್ರವಾಸಕ್ಕೆ ಅಷ್ಟು ಸಹಿಸಬಹುದು. ಕೂನೂರಿನಲ್ಲೋ ಕೋಟಗಿರಿಯಲ್ಲೋ ಮನೆ ಮಾಡಿಕೊಂಡ ಕಾರಿಗೆ ನೀಡಲನ್ನೇ ಬದಲಿಸುವುದು ಸರಿಯಾದ ದಾರಿ. ನೀಡಲಿನ ಉದ್ದಕ್ಕೂ ಪ್ರತಿ ಎಂಟನೇ ಒಂದು ಇಂಚಿಗೆ ಅದರ ದಪ್ಪವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಕೊಟ್ಟಿರುವ ಕೋಷ್ಟಕಗಳಿವೆ. ಐಡ್ಲಿಂಗ್ ಭಾಗದಲ್ಲಿ ಹಳೆಯದರಷ್ಟೇ ಇದ್ದು ಕೆಳಗಿನ ಭಾಗದಲ್ಲಿ ತುಸು ದಪ್ಪಗಿರುವುದನ್ನು ಹುಡುಕಬೇಕು.

ಈ ವಿದ್ಯೆ ದಿನನಿತ್ಯ ಬೇಕಾಗುತ್ತಿದ್ದ ಊರೆಂದರೆ ಅಮೆರಿಕದ ಡೆನ್ವರ್. ಊರಿನ ಎತ್ತರ 1,609 ಮೀಟರ್, ಸರಿಯಾಗಿ ಒಂದು ಮೈಲಿ. ಅದೇ ಕೊಲರಾಡೊ ರಾಜ್ಯದ ಪೈಕ್ಸ್ ಪೀಕ್ ಶಿಖರಕ್ಕೆ, 4,302 ಮೀಟರ್ ಎತ್ತರಕ್ಕೆ, ಕಾರು ರಸ್ತೆಯೇ ಇದೆ. 1916ರಿಂದ ಅದರ ಮೇಲೆ ರೇಸ್ ನಡೆಯುತ್ತ ಬಂದಿದೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಬ್ರಿಟಿಷ್ ಎಂಜಿಬಿ ಕಾರುಗಳ ದೊಡ್ಡ ಪಾಲು ಅಮೆರಿಕಕ್ಕೇ ಹೋಯಿತು. 1974ರವರೆಗೆ ಅಲ್ಲಿಗೆ ಹೋದವುಗಳಲ್ಲಿ ಇದ್ದದ್ದು ಜೋಡಿ ಎಸ್‌ಯು. ಎಂಜಿಬಿಯ 1,798 ಸಿಸಿ ಇಂಜಿನ್ನೂ ಅಂಬಾಸಡರ್‌ನ 1,489 ಸಿಸಿ ಇಂಜಿನ್ನೂ ಬಿಎಂಸಿ ಬಿ-ಸೀರೀಸ್ ಎಂಬ ಒಂದೇ ವಂಶದ ದಾಯಾದಿಗಳು. ರಾಕಿ ಪರ್ವತಗಳ ಎಂಜಿಬಿಗೆ ಯಾವುದು ಸರಿಯೋ ನೀಲಗಿರಿಯ ಅಂಬಾಸಡರ್‌ಗೂ ಅದೇ ಸರಿ. ತೆಳುಗಾಳಿಯಲ್ಲಿ ಸಿಲಿಂಡರಿನ ಒತ್ತಡ ಕಡಿಮೆಯಿರುವುದರಿಂದ ಮಿಶ್ರಣ ತಾನಾಗಿಯೇ ಸಿಡಿದು ಇಂಜಿನ್ ನಾಕ್ ಆಗುವ ಭಯವೂ ಕಡಿಮೆ. ಕೊಲರಾಡೊದಲ್ಲಿ ಇವತ್ತಿಗೂ ಬಂಕುಗಳಲ್ಲಿ 85 ಆಕ್ಟೇನ್ ಪೆಟ್ರೋಲ್ ಮಾರುವುದು ಕಾರ್ಬ್ಯುರೇಟರ್ ಕಾಲದ ಆ ತಿಳಿವಳಿಕೆಯಿಂದಲೇ. ಇದೇ ಕಾರಣಕ್ಕೆ ಬೆಟ್ಟದೂರಿನಲ್ಲಿ ಇಗ್ನಿಷನ್ ಟೈಮಿಂಗನ್ನು ಒಂದೆರಡು ಡಿಗ್ರಿ ಮುಂದಕ್ಕೆ ಹಾಕಿಕೊಳ್ಳಬಹುದು, ಕಳೆದ ಎಳೆತದಲ್ಲಿ ಒಂದಿಷ್ಟು ಮರಳುತ್ತದೆ.

ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳದು ಬೇರೆ ದಾರಿ. ಅವುಗಳ ಸೋಲೆಕ್ಸ್‌ನಲ್ಲಿ ಮೇಲೇಳುವ ಪಿಸ್ಟನ್ ಇಲ್ಲ, ಅಳತೆ ಕೊರೆದ ಹಿತ್ತಾಳೆ ಜೆಟ್‌ಗಳಿವೆ. ಜೆಟ್ ಮೇಲಿನ ಸಂಖ್ಯೆ ಅದರ ರಂಧ್ರದ ಅಳತೆ, ಮಿಲಿಮೀಟರಿನ ನೂರನೇ ಪಾಲಿನಲ್ಲಿ. ಹರಿವು ರಂಧ್ರದ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ ಶೇ 10ರಷ್ಟು ಪೆಟ್ರೋಲ್ ತಗ್ಗಿಸಲು ವ್ಯಾಸ ಶೇ 5ರಷ್ಟು ತಗ್ಗಿದರೆ ಸಾಕು. 125ರ ಜಾಗಕ್ಕೆ ಊಟಿಯಲ್ಲಿ ಸುಮಾರು 118 ಬೇಕು, ಡೆನ್ವರ್‌ನಂಥ ಎತ್ತರಕ್ಕೆ 120. ಹೊರಗಿನ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೆ ಐಡ್ಲಿಂಗ್ ಮಾತ್ರ ಸರಿಯಾಗುತ್ತದೆ, ಮುಖ್ಯ ಜೆಟ್ ಬದಲಾಗುವುದಿಲ್ಲ. ರಂಧ್ರಕ್ಕೆ ತಾಮ್ರದ ತಂತಿಯ ಎಳೆ ತೂರಿಸಿ ಕಿರಿದು ಮಾಡುವ ಪದ್ಧತಿಯನ್ನು ದಯವಿಟ್ಟು ಬಿಡಿ. ಎಳೆ ಕಳಚಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಾರರು. ಕಾರ್ಬ್ಯುರೇಟರ್ ಬುಲೆಟ್‌ನಲ್ಲಿ ಲಡಾಖ್‌ಗೆ ಹೋಗುವ ನಮ್ಮ ಹುಡುಗರು ಏರ್ ಫಿಲ್ಟರನ್ನೇ ಕಿತ್ತು ಓಡಿಸುವುದೂ ಅಂಥದ್ದೇ ತಪ್ಪು. 5,359 ಮೀಟರ್ ಎತ್ತರದ ಖರ್ದುಂಗ್ ಲಾ ಹತ್ತಿರ ಗಾಳಿಯ ಸಾಂದ್ರತೆ ಶೇ 60ಕ್ಕೂ ಕೆಳಗಿಳಿದು ಮಿಶ್ರಣ ಶೇ 30ರಷ್ಟು ರಿಚ್ ಆಗುವುದು ನಿಜ, ಫಿಲ್ಟರ್ ಕಿತ್ತರೆ ಕ್ಷಣಕ್ಕೆ ಹಗುರಾಗುವುದೂ ನಿಜ. ಆದರೆ ಆ ದಾರಿಯ ಧೂಳು ಸಿಲಿಂಡರಿಗೆ ಹೋದ ಮೇಲೆ ಆ ಇಂಜಿನ್ ಬಹಳ ದಿನ ಬಾಳುವುದಿಲ್ಲ. ಚಿಕ್ಕ ಜೆಟ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಎಷ್ಟೋ ಮೇಲು.

ಇಳಿಯುವಾಗಿನ ಅಪಾಯ

ಹತ್ತುವಾಗ ಆಗುವ ತೊಂದರೆ ಪೆಟ್ರೋಲ್ ವ್ಯರ್ಥ, ಮಸಿ, ಮಂಕುತನ. ಇಳಿಯುವಾಗ ಆಗಬಹುದಾದದ್ದು ಅದಕ್ಕಿಂತ ಕೆಟ್ಟದ್ದು. ಊಟಿಗೆ ಹೊಂದಿಸಿದ ಕಾರನ್ನು ಹಾಗೆಯೇ ಮೇಟ್ಟುಪಾಳ್ಯಂಗೋ ಕೋಯಿಕ್ಕೋಡಿಗೋ ಇಳಿಸಿ ಹೆದ್ದಾರಿಯಲ್ಲಿ ಬಿಟ್ಟರೆ ಅದು ಅಷ್ಟೇ ಪ್ರಮಾಣದಲ್ಲಿ ಲೀನ್ ಆಗಿರುತ್ತದೆ. ಲೀನ್ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿಯುತ್ತಲೇ ಇರುತ್ತದೆ. ವಾಲ್ವ್ ಅಂಚು ಸುಟ್ಟುಹೋಗುವುದು, ಭಾರ ಹೊತ್ತ ಓಟದಲ್ಲಿ ನಾಕ್ ಹೊಡೆದು ಪಿಸ್ಟನ್ ತೂತಾಗುವುದು ಹೀಗೆ. ರಿಚ್ ಇಂಜಿನ್ ಹೊಗೆ ಬಿಟ್ಟು ತನ್ನ ಕಷ್ಟ ಹೇಳಿಕೊಳ್ಳುತ್ತದೆ, ಲೀನ್ ಇಂಜಿನ್ ಹೇಳಿಕೊಳ್ಳುವುದಿಲ್ಲ. ಎಷ್ಟು ಫ್ಲ್ಯಾಟ್ ಏರಿಸಿದೆವು ಎಂಬುದನ್ನು ಬರೆದಿಟ್ಟುಕೊಂಡು ಇಳಿಯುವ ಮುನ್ನ ಅಷ್ಟನ್ನೇ ಹಿಂತಿರುಗಿಸಬೇಕು.

ಎಸ್‌ಯುನಲ್ಲಿ ಇದಕ್ಕೊಂದು ಒಳದಾರಿಯೂ ಇದೆ. ಅದರ ಚೋಕ್ ಗಾಳಿಯನ್ನು ಮುಚ್ಚುವುದಿಲ್ಲ, ಜೆಟ್ಟನ್ನು ಕೆಳಕ್ಕೆಳೆಯುತ್ತದೆ. ಅಂದರೆ ಡ್ಯಾಶ್‌ಬೋರ್ಡಿನ ಆ ಗುಂಡಿಯಿಂದ ಓಡುವಾಗಲೇ ಮಿಶ್ರಣ ರಿಚ್ ಮಾಡಬಹುದು, ಲೀನ್ ಮಾಡಲಾಗದು. ಆದ್ದರಿಂದ ಬೆಟ್ಟದೂರಿನಲ್ಲಿ ನೆಲೆಸಿದ ಕಾರು ಅಪರೂಪಕ್ಕೆ ತಗ್ಗಿಗೆ ಇಳಿಯುವುದಾದರೆ ನಟ್ ಮುಟ್ಟುವ ಅಗತ್ಯವಿಲ್ಲ, ಚೋಕ್ ತುಸು ಎಳೆದುಕೊಂಡೇ ಓಡಿಸಿ ಇಂಜಿನ್ನನ್ನು ಕಾಯಬಹುದು. ಗುಂಡಿಯ ಮೊದಲ ಎಳೆತದಲ್ಲಿ ಥ್ರಾಟಲ್ ಮಾತ್ರ ತೆರೆದುಕೊಳ್ಳುತ್ತದೆ, ಜೆಟ್ ಇಳಿಯುವುದು ಅದರ ಮೇಲೆ. ತಗ್ಗಿನ ಕಾರಿಗೆ ಈ ಉಪಾಯ ಬೆಟ್ಟದ ಮೇಲೆ ಕೆಲಸ ಮಾಡುವುದಿಲ್ಲ.

ಘಾಟಿಯಲ್ಲಿ ಕಾಡುವ ಇನ್ನೊಂದು ತೊಂದರೆಯನ್ನು ಕಾರ್ಬ್ಯುರೇಟರಿನ ತಲೆಗೆ ಕಟ್ಟಬಾರದು. ಎತ್ತರದಲ್ಲಿ ದ್ರವಗಳು ಬೇಗ ಕುದಿಯುತ್ತವೆ. ಊಟಿಯಲ್ಲಿ ನೀರು 93 ಡಿಗ್ರಿ ತಲುಪುವ ಮೊದಲೇ ಕುದಿಯುತ್ತದೆ. ಬಿಸಿ ಇಂಜಿನ್ನಿಗೆ ಅಂಟಿಕೊಂಡ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಸರಬರಾಜು ನಿಂತರೆ ಕಾರು ತಿರುವಿನ ನಡುವೆಯೇ ನಿಲ್ಲುತ್ತದೆ. ಹಳಬರು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯುತ್ತಿದ್ದರು. ಈಗಲೂ ಅದೇ ಸರಿಯಾದ ಮದ್ದು.

ಬೆಂಗಳೂರೂ ಬೆಟ್ಟದೂರೇ

ಊಟಿಯ ಮಾತಾಡುತ್ತ ನಮ್ಮ ಕಾಲ ಕೆಳಗಿನ ನೆಲವನ್ನು ಮರೆಯುತ್ತೇವೆ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿದೆ. ಚಿಕ್ಕಮಗಳೂರು, ಮಡಿಕೇರಿ ಸಾವಿರ ಮೀಟರ್ ದಾಟಿವೆ. ಮಂಗಳೂರಿನ ಗಾಳಿಗೆ ಹೊಂದಿಸಿದ ಕಾರು ಶಿರಾಡಿ ಹತ್ತಿ ಬೆಂಗಳೂರು ಸೇರಿದರೆ ಶೇ 4–5ರಷ್ಟು ರಿಚ್ ಆಗಿರುತ್ತದೆ. ಇದರ ಜೊತೆಗೆ ಬಿಸಿಲು. ಬಿಸಿ ಗಾಳಿಯೂ ತೆಳುಗಾಳಿಯೇ. ಏಪ್ರಿಲ್ ಮಧ್ಯಾಹ್ನ ತಾಪಮಾನ 35 ಡಿಗ್ರಿ ಮುಟ್ಟಿದಾಗ ವಿಮಾನ ಚಾಲಕರ ಲೆಕ್ಕದಲ್ಲಿ ಬೆಂಗಳೂರಿನ ಗಾಳಿಯ ಸಾಂದ್ರತೆ ಸುಮಾರು 1,800 ಮೀಟರ್ ಎತ್ತರದ ಗಾಳಿಗೆ ಸಮ. ನಂದಿಬೆಟ್ಟದ ಎತ್ತರವೇ 1,478 ಮೀಟರ್. ಸಿಗ್ನಲ್‌ನಲ್ಲಿ ನಿಂತ ಹಳೆಯ ಕಾರು ಬೇಸಿಗೆ ಮಧ್ಯಾಹ್ನ ಕೆಮ್ಮಿ ಆಫ್ ಆಗುವುದಕ್ಕೆ ಎಷ್ಟೋ ಸಲ ಇದೂ ಒಂದು ಕಾರಣ.

ಇಷ್ಟು ವರ್ಷ ದಖನ್ ಪ್ರಸ್ಥಭೂಮಿಯ ಕಾರುಗಳಿಗೆ ಸಲಹೆ ಸರಳವಾಗಿತ್ತು: ಪುಸ್ತಕಕ್ಕಿಂತ ತುಸು ಲೀನ್. ಈಗ ಹಾಗೆ ಹೇಳುವಂತಿಲ್ಲ. 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ, ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಪೂರ್ತಿ ಉರಿಯಲು ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5 ಪಾಲು ಸಾಕು. ಅಂದರೆ ಜೆಟ್ ಮುಟ್ಟದಿದ್ದರೂ ಮಿಶ್ರಣ ತಾನಾಗಿಯೇ ಶೇ 8ರಷ್ಟು ಲೀನ್ ಆಗಿದೆ. ಎತ್ತರ ಒಂದು ಕಡೆ ಎಳೆಯುತ್ತಿದೆ, ಎಥನಾಲ್ ಇನ್ನೊಂದು ಕಡೆ. ಶುದ್ಧ ಪೆಟ್ರೋಲಿಗೆ, ಕಡಲ ಮಟ್ಟದ ಗಾಳಿಗೆ ಹೊಂದಿಸಿದ್ದ ಕಾರನ್ನು ಇವತ್ತು ಊಟಿಗೆ ಒಯ್ದರೆ ಅದು ಬರೀ ಶೇ 4ರಷ್ಟು ರಿಚ್. ಬೆಂಗಳೂರಿನಲ್ಲಿ ತುಸು ಲೀನ್. ಮಂಗಳೂರು, ಕಾರವಾರ, ಉಡುಪಿಯಲ್ಲಿ ಪೂರ್ತಿ ಶೇ 8ರಷ್ಟು ಲೀನ್, ಅದೂ ಸೆಕೆಯಲ್ಲಿ.

ಹಾಗಾಗಿ ಹಿಂದೆ ಬೆಟ್ಟದವರು ಮಾತ್ರ ಯೋಚಿಸುತ್ತಿದ್ದ ವಿಷಯವನ್ನು ಈಗ ಕರಾವಳಿಯವರು ಹೆಚ್ಚು ಯೋಚಿಸಬೇಕು. ಅಲ್ಲಿಯ ಅಂಬಾಸಡರ್‌ಗೆ ನಟ್ ಒಂದೆರಡು ಫ್ಲ್ಯಾಟ್ ಕೆಳಕ್ಕೆ, ಪದ್ಮಿನಿಗೆ ಮುಖ್ಯ ಜೆಟ್ ಒಂದು ಅಳತೆ ದೊಡ್ಡದು. ‘ಬೆಟ್ಟಕ್ಕೆಂದು’ ಹಿಂದೆಂದೋ ವೀಕ್ ನೀಡಲ್ ಹಾಕಿಸಿಕೊಂಡವರು ಅದನ್ನು ಈ ಪೆಟ್ರೋಲಿನಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ದೂರದ ಓಟಕ್ಕೆ ಹೊರಡಬಾರದು. ಟ್ಯೂನಿಂಗ್‌ಗೆ ಕೂರುವ ಮುನ್ನ ಎಥನಾಲ್‌ಗೆ ಸೋಲುವ ಹಳೆಯ ರಬ್ಬರ್ ಪೈಪುಗಳನ್ನೂ ಸೀಲುಗಳನ್ನೂ ಬದಲಿಸಿ. ಸೋರುವ ಪೈಪಿನಿಂದ ಗಾಳಿ ಎಳೆಯುವ ಕಾರು ಪಿನ್ ಪರೀಕ್ಷೆಯಲ್ಲಿ ಸುಳ್ಳು ಹೇಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ಎಥನಾಲ್ ನೀರು ಹೀರಿ ಬೇರ್ಪಟ್ಟಿರಬಹುದು, ಅದನ್ನು ಬಸಿದು ಹೊಸ ಪೆಟ್ರೋಲ್ ತುಂಬಿ. ಇಪ್ಪತ್ತು ಕಿಲೋಮೀಟರ್ ಓಡಿಸಿ ಇಂಜಿನ್ ಬಿಸಿಯಾದ ಮೇಲೆ, ಕಾರು ದಿನವೂ ಓಡಾಡುವ ರಸ್ತೆಯ ಬದಿಯಲ್ಲೇ ನಿಲ್ಲಿಸಿ, ಬಾನೆಟ್ ಎತ್ತಿ ಪಿನ್ ಒತ್ತಿ.